ಜೀವವಿಲ್ಲದ ಪಿಚ್ಚಿನಲ್ಲಿ ಐದು ದಿನ

ಎರಡು ದಿನಗಳಲ್ಲಿ ಮೂವತ್ತೆಂಟು ಓವರ್ ಎಸೆದರೂ ಏಣಿಗೆ ಒಂದೇ ಒಂದು ವಿಕೆಟ್ ಸಿಕ್ಕಿರಲಿಲ್ಲ.

ಏಣಿ ಎನ್ನುವುದು ತಂಡದವರು ಇಟ್ಟ ಹೆಸರು. ಆರಡಿ ಆರಂಗುಲದ ವೇಗದ ಬೌಲರ್. ತನ್ನ ನಾಡಿನ ಹಸಿರು ಪಿಚ್ಚುಗಳಲ್ಲಿ ಅವನ ಚೆಂಡು ಬ್ಯಾಟ್ಸ್‌ಮನ್ನರ ಕಿವಿ ಪಕ್ಕದಲ್ಲೇ ಗುಂಯ್ ಎಂದು ಹಾದುಹೋಗುತ್ತಿತ್ತು. ಪ್ರವಾಸ ಬಂದ ಈ ಊರಿನಲ್ಲಿ ಮಾತ್ರ ಹುಲ್ಲು ಬೋಳಿಸಿ, ರೋಲರ್ ಹೊಡೆದು, ಪಿಚ್ಚನ್ನು ಸಿಮೆಂಟಿನ ರಸ್ತೆಯಂತೆ ಮಾಡಿಟ್ಟಿದ್ದರು. ಎಷ್ಟು ಜೋರಾಗಿ ಕುಕ್ಕಿದರೂ ಚೆಂಡು ಸೊಂಟದ ಮೇಲಕ್ಕೆ ಏಳುತ್ತಿರಲಿಲ್ಲ. ಆತಿಥೇಯರು ಮೂರೇ ವಿಕೆಟ್ ಕಳೆದುಕೊಂಡು ಐನೂರ ಇಪ್ಪತ್ತು ರನ್ ಗುಡ್ಡೆ ಹಾಕಿದ್ದರು. ಅವರ ಆರಂಭಿಕ ಬ್ಯಾಟ್ಸ್‌ಮನ್ ಒಬ್ಬನೇ ಇನ್ನೂರ ನಲವತ್ತು ಹೊಡೆದು, ಬೇರು ಬಿಟ್ಟ ಮರದ ಹಾಗೆ ನಿಂತಿದ್ದ.

ಎರಡನೆಯ ದಿನದ ಸಂಜೆ ಏಣಿ ಮಸಾಜ್ ಮೇಜಿನ ಮೇಲೆ ಬೋರಲು ಬಿದ್ದಿದ್ದ. ಅವನ ಪಾದಗಳು ಮೇಜಿನಾಚೆ ಒಂದು ಗೇಣು ಹೊರಗಿದ್ದವು. ಎಲ್ಲರೂ ಡಾಕ್ಟ್ರಮ್ಮ ಎಂದು ಕರೆಯುವ ತಂಡದ ಫಿಸಿಯೋ ಅವನ ಹೆಗಲಿಗೆ ಮುಲಾಮು ತಿಕ್ಕುತ್ತಿದ್ದರು.

"ಡಾಕ್ಟ್ರಮ್ಮ, ನಾಳೆ ನಂಗೆ ಜ್ವರ ಅಂತ ಬರೆದುಕೊಡಿ."

"ಬರೆದುಕೊಡ್ತೀನಪ್ಪ. ಆದ್ರೆ ಇದೇ ಚೀಟಿಗೆ ನಿನ್ನ ಮುಂದೆ ನಾಲ್ಕು ಜನ ಕಾಯ್ತಿದಾರೆ."

ಅಷ್ಟರಲ್ಲಿ ಅಮ್ಮನ ಫೋನು ಬಂತು. ಏಣಿಯ ತಾಯಿ ಬಟ್ಟೆ ಹೊಲಿಯುವವರು. ಹೊಲಿಗೆ ಯಂತ್ರದ ಪಕ್ಕದಲ್ಲೇ ಟೀವಿ ಇಟ್ಟುಕೊಂಡು ಮಗನ ಆಟ ನೋಡುತ್ತಿದ್ದರು.

"ಏನೋ, ಚೆಂಡು ಹಾಕೋದು, ಸೊಂಟಕ್ಕೆ ಕೈ ಕೊಟ್ಟು ನೆಲ ನೋಡೋದು. ಏನಾದ್ರೂ ಬೀಳಿಸ್ಕೊಂಡಿದ್ದೀಯಾ ಅಲ್ಲಿ?"

"ಪಿಚ್ಚಲ್ಲಿ ಜೀವಾನೇ ಇಲ್ಲಮ್ಮ."

"ದಪ್ಪ ಬಟ್ಟೆ ಬಂತು ಅಂತ ನಾನು ಗಿರಾಕಿನ ಬೈತೀನಾ? ಸೂಜಿ ಬದಲಾಯಿಸ್ತೀನಿ. ನೀನೂ ಏನಾದ್ರೂ ಬದಲಾಯಿಸಿ ನೋಡು. ಊಟ ಮಾಡ್ದ್ಯಾ?"

ಏಣಿ ಹ್ಞೂಂ ಎಂದು ಫೋನಿಟ್ಟ. ಆ ಮಾತು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಹೊಟ್ಟೆಯಲ್ಲಿ ಇನ್ನೂ ಸಿಟ್ಟಿತ್ತು. ಮರುದಿನ ಆಟ ಶುರುವಾಗಲು ಎರಡು ಗಂಟೆ ಇರುವಾಗಲೇ ಮೈದಾನಕ್ಕೆ ಹೋದ. ಪಿಚ್ ಸಿದ್ಧಮಾಡಿದವನಿಗೆ ನಾಲ್ಕು ಮಾತು ಬಿಗಿಯಲೇಬೇಕು ಎಂದು.

ಕೊಕ್ಕರೆಯಂತೆ ಸಣಕಲಾದ ಒಬ್ಬ ಹಿರಿಯರು ಮಂಡಿಯೂರಿ ಕುಳಿತು ಕ್ರೀಸಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಏಣಿಯ ನೆರಳು ಬಿದ್ದದ್ದೇ ತಲೆ ಎತ್ತದೆ ಹೇಳಿದರು, "ಬೈಯೋಕೆ ಬಂದ್ಯೇನಪ್ಪ? ಸಾಲಲ್ಲಿ ನಿಂತ್ಕೋ. ನಮ್ಮ ಬೌಲರ್‌ಗಳೇ ಮೊದ್ಲು ಬೈದು ಹೋದ್ರು."

ಏಣಿ ತನ್ನ ನೆರಳು ಗೆರೆಯ ಮೇಲೆ ಬೀಳದ ಹಾಗೆ ಪಕ್ಕಕ್ಕೆ ಸರಿದ.

"ಐದು ದಿನ ಆಟ ನಡೀಲೇಬೇಕು ಅಂತ ಮೇಲಿನವರ ಅಪ್ಪಣೆ," ಎಂದರು ಹಿರಿಯರು. "ಬೋಳಿಸು ಅಂದ್ರು, ಬೋಳಿಸ್ದೆ. ಮೂವತ್ತು ವರ್ಷ ಹುಲ್ಲು ಬೆಳೆಸಿದ ಕೈ ಇದು. ನಿಂಗೆ ಎರಡು ದಿನದ ನೋವು, ನಂಗೆ ಎರಡು ತಿಂಗಳದ್ದು."

ಬೈಯಲು ಹೋದವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವರ ಫ್ಲಾಸ್ಕಿನ ಚಹಾ ಇಬ್ಬರಿಗೂ ಅರ್ಧರ್ಧ ಆಯಿತು. ಪಿಚ್ಚಿನ ಬಗ್ಗೆ ಹಿರಿಯರು ಒಂದು ಗುಟ್ಟನ್ನೂ ಬಿಟ್ಟುಕೊಡಲಿಲ್ಲ, ಏಣಿಯೂ ಕೇಳಲಿಲ್ಲ. ಆದರೆ ಎದ್ದು ಹೊರಟಾಗ ಅವನ ಸಿಟ್ಟು ಇಳಿದುಹೋಗಿತ್ತು. ಖಾಲಿಯಾದ ತಲೆಯೊಳಗೆ ಅಮ್ಮನ ಮಾತು ಈಗ ಜಾಗ ಮಾಡಿಕೊಂಡಿತು.

ಆಟ ಶುರುವಾದ ಅರ್ಧ ಗಂಟೆಗೆ ನಾಯಕ ಅವನ ಕೈಗೆ ಚೆಂಡು ಕೊಟ್ಟ.

"ಕ್ಯಾಪ್ಟನ್, ಆರೇ ಹೆಜ್ಜೆ ಓಡಿ ನಿಧಾನಕ್ಕೆ ಹಾಕ್ತೀನಿ. ಕೀಪರ್‌ನ ಸ್ಟಂಪ್ ಪಕ್ಕಕ್ಕೆ ಕರೀರಿ."

"ಬಿಸಿಲು ತಲೆಗೇರ್ತಾ ನಿಂಗೆ?"

"ನಾನು ಎತ್ತರ ಇದೀನಲ್ಲ, ಎಲ್ಲರಿಗಿಂತ ಮೊದ್ಲು ಏರತ್ತೆ. ನೋಡೇಬಿಡೋಣ."

ಎರಡು ದಿನಗಳಲ್ಲಿ ಮೊದಲ ಬಾರಿ ನಾಯಕ ನಕ್ಕ. ಕೀಪರ್ ಗೊಣಗುತ್ತಲೇ ಮುಂದೆ ಬಂದು ಬಗ್ಗಿ ಕೂತ. ಮೊದಲ ಎರಡು ಚೆಂಡೂ ಬೌಂಡರಿಗೆ ಹೋದವು. ಮೂರನೆಯದನ್ನು ಏಣಿ ಬೆರಳಲ್ಲಿ ಹೊರಳಿಸಿ, ತೇಲಿಸಿಬಿಟ್ಟ. ಆರಂಭಿಕ ಬ್ಯಾಟ್ಸ್‌ಮನ್ ಆಸೆಗೆ ಬಿದ್ದು ಮೂರು ಹೆಜ್ಜೆ ಮುಂದೆ ಬಂದು ಬೀಸಿದ. ಬ್ಯಾಟಿಗೆ ಸಿಕ್ಕಿದ್ದು ಬರೀ ಗಾಳಿ. ಕೀಪರ್ ಬೇಲ್ಸ್ ಹಾರಿಸಿದ.

ವೇಗದ ಬೌಲರನಿಗೆ ಸ್ಟಂಪಿಂಗ್! ಉಳಿದ ಹತ್ತು ಜನವೂ ಓಡಿಬಂದು ಏಣಿಯ ಮೇಲೆ ಬಿದ್ದರು. "ನಾಳೆಯಿಂದ ಸ್ಪಿನ್ನರ್‌ಗಳ ಪಂಕ್ತೀಲೇ ಊಟಕ್ಕೆ ಕೂತ್ಕೋ," ಎಂದ ಕೀಪರ್. ಸೋತ ಮುಖಗಳಿಗೆ ಕಳೆ ಬಂತು. ಊಟದ ಹೊತ್ತಿಗೆ ಇನ್ನೆರಡು ವಿಕೆಟ್ ಬಿದ್ದವು. ಆರು ವಿಕೆಟ್‌ಗೆ ಆರುನೂರ ಹನ್ನೆರಡು ರನ್ ಆದಾಗ ಆತಿಥೇಯರು ತಮ್ಮ ಬ್ಯಾಟಿಂಗ್ ಸಾಕೆಂದರು.

ಆದರೆ ಎರಡೂವರೆ ದಿನ ಬಿಸಿಲಲ್ಲಿ ಓಡಿದ ಕಾಲುಗಳು ಮಾತು ಕೇಳಬೇಕಲ್ಲ. ಪ್ರವಾಸಿಗರ ವಿಕೆಟ್ ಕಿತ್ತದ್ದು ಪಿಚ್ಚಲ್ಲ, ದಣಿವು. ಮುನ್ನೂರ ಮೂವತ್ತಕ್ಕೆ ಎಲ್ಲರೂ ಔಟಾಗಿ ಮತ್ತೆ ಬ್ಯಾಟ್ ಹಿಡಿಯಬೇಕಾಯಿತು. ಐದನೆಯ ದಿನ ಚಹಾ ಮುಗಿದು ಸ್ವಲ್ಪ ಹೊತ್ತಿಗೆ ಒಂಬತ್ತನೆಯ ವಿಕೆಟ್ ಬಿತ್ತು. ಉಳಿದದ್ದು ಇಪ್ಪತ್ತೆರಡು ಓವರ್, ಮತ್ತು ಜನ್ಮದಲ್ಲಿ ಹತ್ತು ರನ್ ದಾಟದ ಏಣಿ.

"ಔಟಾಗಬೇಡ, ಅಷ್ಟೇ ಸಾಕು," ಎಂದ ಆ ತುದಿಯಲ್ಲಿ ಬ್ಯಾಟ್ ಹಿಡಿದು ನಿಂತಿದ್ದ ಅವನ ತಂಡದ ಕೀಪರ್.

ಆತಿಥೇಯರ ವೇಗದ ಬೌಲರ್, ತಲೆಗೆ ಕೆಂಪು ಪಟ್ಟಿ ಕಟ್ಟಿದವನು, ಗಾಳಿ ಸೀಳುತ್ತ ಓಡಿಬಂದು ಎಸೆದ. ಏಣಿ ಕಣ್ಣು ಮುಚ್ಚಿಕೊಂಡ. ತೆರೆದಾಗ ಚೆಂಡು ಸಾಧು ಹಸುವಿನಂತೆ ಬ್ಯಾಟಿನ ಬುಡದಲ್ಲಿ ನಿಂತಿತ್ತು. ಇದೇ ಪಿಚ್ಚಿಗೆ ನಾನು ಶಾಪ ಹಾಕಿದ್ದೆನೇ ಎಂದು ಅವನಿಗೆ ನಗು ಬಂತು. ಒಂದು ಗಂಟೆ ತಡೆದ. ಆಮೇಲೆ ಧೈರ್ಯ ಬಂದು ಹೊಡೆದ. ಕೊನೆಯ ಓವರ್ ಮುಗಿದಾಗ ಅವನ ಹೆಸರಲ್ಲಿ ಮೂವತ್ತನಾಲ್ಕು ರನ್ ಇದ್ದವು. ಪಂದ್ಯ ಡ್ರಾ ಆಗಿತ್ತು.

ಸಂಜೆ ಏಣಿ ಮಂಜುಗಡ್ಡೆ ತುಂಬಿದ ದೊಡ್ಡ ಬಕೆಟ್ ಹೊತ್ತುಕೊಂಡು ಪೆವಿಲಿಯನ್ ಮೆಟ್ಟಿಲಿಗೆ ಬಂದ. ಕೆಂಪು ಪಟ್ಟಿಯ ಬೌಲರ್ ಅಲ್ಲಿ ಶೂ ಬಿಚ್ಚಿ, ಊದಿದ ಪಾದ ಹಿಡಿದು ಕೂತಿದ್ದ.

"ಎಂಥಾ ದರಿದ್ರ ಪಿಚ್ ಮಾರಾಯ," ಎಂದ ಅವನು.

"ಎರಡು ದಿನ ನಾನೂ ಹಾಗೇ ಅಂದೆ," ಎಂದ ಏಣಿ, ಬಕೆಟನ್ನು ಇಬ್ಬರ ನಡುವೆ ಇಡುತ್ತ. "ಕಾಲಿಡು. ನಾಲ್ಕು ಕಾಲಿಗೆ ಜಾಗ ಇದೆ."