ಸೊಟ್ಟ ಪಿನ್ನಿನ ಸರ

ಸೊಸೆ ಶ್ರಾವ್ಯಳ ಕಪಾಟಿನಲ್ಲಿ ಆ ಡಬ್ಬಿ ಕಂಡಂದಿನಿಂದ ಪಂಕಜಾಕ್ಷಿ ದಿನಕ್ಕೆರಡು ಸಲ ಅದರ ಮುಚ್ಚಳ ತೆಗೆದು ನೋಡುತ್ತಿದ್ದಳು. ಒಳಗೆ ಕಾಗದದ ಪೊಟ್ಟಣಗಳು. ಒಂದೊಂದರಿಂದಲೂ ಸೊಟ್ಟಗಾದ ಸೇಫ್ಟಿ ಪಿನ್ನಿನ ಮೊನೆ ಇಣುಕುತ್ತಿತ್ತು, ಮೇಲೆ ಹೆಂಗಸರ ಹೆಸರು, ಊರು: ಸರಸ, ನಾವುಂದ; ಅನಿಷಾ, ವಂಡ್ಸೆ. ಬಿಚ್ಚುವ ಧೈರ್ಯ ಬರಲಿಲ್ಲ. ಪಿನ್ನು, ಹೆಸರು, ಪೊಟ್ಟಣ. ಮಾಟಕ್ಕೆ ಇನ್ನೇನು ಬೇಕು? ಲಿಂಬೆಹಣ್ಣೊಂದು ಕಡಿಮೆ ಇತ್ತು, ಅದು ಫ್ರಿಜ್ಜಿನಲ್ಲಿ ಬೇಕಾದಷ್ಟಿತ್ತು.

ಮಗ ಗೌರೀಶನಿಗೆ ಎರಡು ವಾರದಿಂದ ಬಿಡದ ಕೆಮ್ಮು. ಅನುಮಾನಕ್ಕೆ ಅಷ್ಟು ಸಾಕಾಯಿತು. ಸೊಸೆಯನ್ನು ಮನೆಯಲ್ಲಿ ಇಟ್ಟುಕೊಂಡರೆ ಮಗ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಭಾನುವಾರ ಊಟಕ್ಕೆ ಬಂದ ವಿಷ್ಣುಮೂರ್ತಿ ಭಾವನಿಗೆ ಡಬ್ಬಿ ತೋರಿಸಿದಳು. ತೀರಿಕೊಂಡ ಗಂಡನ ಅಣ್ಣ. ಹಿರಿಯರೆಂದು ಉಳಿದವರು ಅವರೊಬ್ಬರೇ, ಊರಿಗೆಲ್ಲ ಬುದ್ಧಿ ಹೇಳುವವರು. ಒಂದು ಪೊಟ್ಟಣ ಬಿಡಿಸಿ ಓದಿದರು, ತಟ್ಟನೆ ಮಡಚಿದರು.

"ಮಾಟ್ವೇ ಸೈ. ಈಗ್ಳೇ ಹೊಳಿಗ್ ಬಿಸಾಡ್. ಅವ್ಳ್ನ್ ತೌರಿಗ್ ಕಳ್ಸ್."

ಡಬ್ಬಿ ಹಿಡಿದು ಹೊಳೆಗೆ ಹೊರಟವಳಿಗೆ ಹಿತ್ತಿಲ ಬಾಗಿಲಲ್ಲೇ ಶ್ರಾವ್ಯ ಅಡ್ಡ ಸಿಕ್ಕಿದಳು. "ಅತ್ತೆ, ಅದ್ನ್ ಎಲ್ಲಿಗ್ ಕೊಂಡೋತ್ರಿ?"

"ಮಾಟ ಮಾಡು ಸೊಸೆ ನಂಗ್ ಬ್ಯಾಡ."

ಶ್ರಾವ್ಯ ನಗಲಿಲ್ಲ. ಸರಸಳ ಪೊಟ್ಟಣ ಬಿಚ್ಚಿ ಓದಿದಳು: "ಕುಂದಾಪ್ರ ಬಸ್ಸಗೆ ಹಿಂದಿಂದ ಕೈ ಹಾಕ್ದ. ನಂಗಾಗ ಹದ್ನಾರ್ ವರ್ಷ. ಚುಚ್ದೆ."

ಪೊಟ್ಟಣಗಳಲ್ಲೆಲ್ಲ ಅಂಥದೇ. ಆ ಪಿನ್ನುಗಳನ್ನು ಬೆಳ್ಳಿತಂತಿಯಲ್ಲಿ ಪೋಣಿಸಿ ಸರ ಮಾಡಿ, ಕುಂದಾಪುರದ ಮಹಿಳಾ ಸಭೆಯಲ್ಲಿ ಹಾಕಿಕೊಂಡು ನಿಲ್ಲುವುದೆಂದು ಅವಳು ಹೊರಟಿದ್ದಳು.

"ಚಿನ್ನದ್ ಸರ ಕಂಡ್ರೆ ಗಂಡ ಎಷ್ಟ್ ದುಡ್ಡಿನವ ಅಂದೇಳಿ ಗೊತ್ತಾತ್ತ್. ಇದ್ನ್ ಕಂಡ್ರೆ ನಾವ್ ಎಂತ ಅನ್ಭವ್ಸಿದ್ದ್ ಅಂದೇಳಿ ಗೊತ್ತಾಯ್ಲಿ ಅತ್ತೆ."

ಪಂಕಜಾಕ್ಷಿಯ ಕೈ ತಾನಾಗಿ ಕರಿಮಣಿಗೆ ಹೋಯಿತು. ಅದರ ತುದಿಯಲ್ಲಿ ನೇತಾಡುವ ನಾಲ್ಕು ಪಿನ್ನಿನಲ್ಲಿ ಒಂದು ಸೊಟ್ಟ. ಮೂವತ್ತು ವರ್ಷದಿಂದ ಯಾವ ಸೀರೆಗೂ ಬಾರದ್ದು, ಆದರೂ ಬಿಸಾಡದ್ದು. ಮರೆತೆನೆಂದುಕೊಂಡಿದ್ದಳು, ಊಟ ಬಡಿಸುವಾಗ ಭಾವನ ಎಲೆಯ ಹತ್ತಿರ ಬಗ್ಗದ ಅವಳ ಬೆನ್ನು ಮಾತ್ರ ಮರೆತಿರಲಿಲ್ಲ. ಭಾವ ಯಾಕೆ ಅಷ್ಟು ಬೇಗ ಹೊಳೆ ತೋರಿಸಿದರೆಂದು ಈಗ ಹೊಳೆಯಿತು. ಕಳ್ಳನ ಕೈಗೇ ಕೀಲಿ ಕೊಟ್ಟು ಸೊಸೆಯನ್ನು ಕಳ್ಳಿ ಅಂದೆನಲ್ಲ ಎಂದು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಚಾವಡಿಯಿಂದ ವಿಷ್ಣುಮೂರ್ತಿ ಕೂಗಿದರು. "ಹ್ವಾಯ್ ಪಂಕಜ, ಬಿಸಾಡಿ ಆಯ್ತಾ?"

ಅವಳು ಸೊಟ್ಟ ಪಿನ್ನನ್ನು ಬಿಡಿಸಿ ಸೊಸೆಯ ಅಂಗೈಗೆ ಹಾಕಿದಳು.

"ಬರಿ. ಪಂಕಜಾಕ್ಷಿ, ಸಾಲಿಗ್ರಾಮ. ಬಸ್ಸಗೆ ಅಲ್ಲ, ಮನ್ಯಗೆ ಅಂದೇಳಿ ಬರಿ. ಯಾರ್ ಅಂದೇಳಿ ಕೇಂಡ್ರೆ, ಈಗ ಕೂಗಿದ್ರಲೆ, ಅವ್ರೇ."