ನಾನು ತಿದ್ದಿದ ಕರಪತ್ರ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅಚ್ಚುಮೊಳೆಗಳ ಮಸಿ ಒರೆಸುವಾಗ ಏಳುತ್ತಿದ್ದ ವಾಸನೆಯೇ ನನ್ನ ಬಾಲ್ಯ. ಅಪ್ಪನ ಆ ಮುದ್ರಣಾಲಯವನ್ನು ಈಗ ತಮ್ಮ ನಡೆಸುತ್ತಾನೆ; ಕರಡು ತಿದ್ದುವುದು ನನ್ನ ಕೆಲಸ.

ಊರವರು ‘ನಲ್ಲಿ ಮೇಷ್ಟ್ರು’ ಎಂದು ಅಡ್ಡಹೆಸರಿಟ್ಟ ಮೇಷ್ಟ್ರು ಇಪ್ಪತ್ತು ವರ್ಷದಿಂದ ನಮ್ಮ ಗಿರಾಕಿ. ಊರಿಗೆ ಬಂದು ಹತ್ತು ವರ್ಷ ತುಂಬದವರಿಗೆ ನಲ್ಲಿ ನೀರು ಕೊಡಬಾರದು ಎಂಬುದೊಂದೇ ಅವರ ಕರಪತ್ರಗಳ ವಿಷಯ. ಚುನಾವಣೆಗೆ ನಿಂತಾಗ ಬಿದ್ದದ್ದು ನಲವತ್ತು ಮತ. ಅಂಗಡಿಯವರು ಆ ಕಾಗದದಲ್ಲಿ ತಿರುಪುಮೊಳೆ ಕಟ್ಟಿಕೊಡುತ್ತಿದ್ದರು. ಮನುಷ್ಯ ಮಾತ್ರ ಸಭ್ಯ; ಯಂತ್ರ ನಿಲ್ಲುವವರೆಗೂ ಬಾಗಿಲಲ್ಲೇ ಕಾಯುತ್ತಿದ್ದರು. ಪಾಪ ಎನಿಸಿ, ಅವರ ಅರ್ಧ ಪುಟದ ವಾಕ್ಯವೊಂದನ್ನು ನಾನೇ ಚೊಕ್ಕ ಮಾಡಿಕೊಟ್ಟೆ: ‘ಮೊದಲು ಇದ್ದವರ ಬಾಯಾರಿಕೆ, ಆಮೇಲೆ ಬಂದವರದು.’

ಕಳೆದ ಬೇಸಿಗೆಯಲ್ಲಿ ಒಡೆದ ಕೊಳವೆಯಿಂದ ಚರಂಡಿ ಸೇರಿ ಊರ ತೊಟ್ಟಿಯ ನೀರು ಕೆಟ್ಟು ಹನ್ನೊಂದು ಜನ ಸತ್ತರು. ಆ ಕೊಳವೆಯನ್ನು ವರ್ಷಗಟ್ಟಲೆ ಮುಟ್ಟದ ನಗರಸಭೆ ಅಧ್ಯಕ್ಷರು ತಿಂಗಳೊಳಗೆ ವೇದಿಕೆ ಹತ್ತಿ, ಹೊಸಬರು ಹೆಚ್ಚಿದ್ದೇ ಇದಕ್ಕೆಲ್ಲ ಕಾರಣವೆಂದು ನನ್ನ ವಾಕ್ಯವನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಎದುರು ಪಕ್ಷದವರು ಹತ್ತಲ್ಲ, ಹದಿನೈದು ವರ್ಷ ಎಂದರು. ಕೊಳವೆಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಮ್ಮಲ್ಲಿ ಬೈಂಡಿಂಗ್ ಮಾಡುವ ಹೆಂಗಸು ಊರಿಗೆ ಬಂದು ಎಂಟೇ ವರ್ಷ. ಮೇಷ್ಟ್ರನ್ನು ಕರೆಸಿ, ಅಧ್ಯಕ್ಷರಿಗೆ ಹೇಳಿ ಇದನ್ನು ನಿಲ್ಲಿಸಿ ಎಂದೆ. ಅವರು ನೆಲ ನೋಡಿದರು.

“ಅಕ್ಕಾ, ಇಪ್ಪತ್ತು ವರ್ಷ ನನ್ನ ಮಾತು ಯಾರೂ ಕೇಳಲಿಲ್ಲ. ಈಗ ಕೇಳ್ತಿದ್ದಾರೆ. ನಾನೇ ಬೇಡ ಅನ್ಲಾ?”

“ಅನ್ನಿ. ನಿಮ್ಮ ಗಂಟಲೇನೂ ಒಣಗಲ್ಲ.”

“ಆ ವಾಕ್ಯ ನಿಮ್ದೇ ಅಲ್ವಾ? ಅಷ್ಟು ಚೆನ್ನಾಗಿ ಬರೆಯೋಕೆ ನನಗೆಲ್ಲಿ ಬರುತ್ತೆ?”

ಅದರಲ್ಲಿ ಕುಹಕವಿರಲಿಲ್ಲ, ನಿಜವಾದ ಮೆಚ್ಚುಗೆಯಿತ್ತು. ಅದಕ್ಕೇ ಮೈ ಉರಿಯಿತು.

ನಲ್ಲಿ ಕತ್ತರಿಸುವ ನಗರಸಭೆಯ ಪ್ರಕಟಣೆ ಅಚ್ಚಿಗೆ ಬಂದದ್ದೂ ನಮ್ಮಲ್ಲಿಗೇ. ಈ ಕರಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಹಟ ಹಿಡಿದೆ. ನಾವು ಬಿಟ್ಟರೆ ಪಕ್ಕದ ಬೀದಿಯವನು ಹಾಕುತ್ತಾನೆ ಎಂದು ಗೊಣಗುತ್ತ ತಮ್ಮ ತಾನೇ ತಿದ್ದಿ ಅಚ್ಚು ಹಾಕಿದ. ಹಾಳೆಗಳನ್ನು ಅಳತೆಗೆ ಕತ್ತರಿಸಿ ಕಟ್ಟು ಕಟ್ಟಿದವಳು ಅದೇ ಬೈಂಡಿಂಗ್ ಹೆಂಗಸು.

ಸೋಮವಾರ ಅವಳ ನಲ್ಲಿ ಹೋಯಿತು. ಮಂಗಳವಾರ ಊಟದ ಡಬ್ಬಿಯಿಲ್ಲದೆ ಕೆಲಸಕ್ಕೆ ಬಂದಳು. ಬಿಂದಿಗೆ ತಂದು ನಮ್ಮ ಮನೆಯಿಂದ ನೀರು ಹಿಡಿದುಕೊಂಡು ಹೋಗು ಎಂದೆ.

“ಬೇಡಮ್ಮ. ನಮ್ಮಂಥವರಿಗೆ ನೀರು ಕೊಟ್ರೆ ನಿಮ್ಮ ನಲ್ಲೀನೂ ಕೀಳ್ತಾರೆ. ಆ ಪ್ರಕಟಣೆಯ ಕೊನೇ ಸಾಲು ನೀವು ಓದಲಿಲ್ವಾ?”

ನಾನು ಓದಿರಲಿಲ್ಲ.

ತಮ್ಮ ಓದಿದ್ದ. ಅವನು ಯಂತ್ರ ನಿಲ್ಲಿಸಿ, ಕೈಯ ಮಸಿ ಒರೆಸಿಕೊಂಡು ಬಂದ. ತನ್ನ ಊಟದ ಡಬ್ಬಿಯನ್ನೂ ತುಂಬಿದ ನೀರಿನ ಬಾಟಲಿಯನ್ನೂ ಅವಳ ಮುಂದಿಟ್ಟು, ಯಂತ್ರದ ಹತ್ತಿರ ಹಿಂದಿರುಗಿದ.