ಮೂರನೇ ಲೈನಿನ ಮೇಡಂ

"ಐವತ್ತೆಂಟು ಸೆಕೆಂಡು," ಎಂದು ಮೊರ್ಜಿನಾ ಹಾಳೆಯಲ್ಲಿ ಬರೆದುಕೊಂಡಳು. ಉಳಿದವರು ನಲವತ್ತರಲ್ಲಿ ಹೊಲಿದು ಮುಗಿಸುವ ಕಾಲರು ಅದು. ಅದನ್ನು ಹೊಲಿಯುತ್ತಿದ್ದ ಕೊಹಿನೂರ್ ತಲೆ ಎತ್ತಲಿಲ್ಲ. ಅವಳ ಎಡಕ್ಕೆ ಕಾಲರುಗಳ ರಾಶಿ ಬೆಳೆಯುತ್ತಲೇ ಇತ್ತು. ಮುಂದಿನ ಮೆಷಿನಿನವಳು ಕೆಲಸವಿಲ್ಲದೆ ಕೈಕಟ್ಟಿ ಕೂತಿದ್ದಳು.

ಗಾಜಿಪುರದ ಆ ಗಾರ್ಮೆಂಟ್ಸಿನಲ್ಲಿ ಇಬ್ಬರೂ ಒಂಬತ್ತು ವರ್ಷ ಮೂರನೇ ಹೊಲಿಗೆ ಲೈನಿನಲ್ಲಿ ಅಕ್ಕಪಕ್ಕ ಕೂತು ಹೊಲಿದವರು. ಆಗಿನ ಸೂಪರ್‌ವೈಸರ್ ಬಟ್ಟೆಯ ಕಟ್ಟನ್ನು ಮುಖಕ್ಕೇ ಎಸೆಯುತ್ತಿದ್ದ. ನೀರು ಕುಡಿಯಲು ಎದ್ದರೂ ಬೈಗುಳ. ಹೊಸ ಆಡಳಿತ ಅವನನ್ನು ತೆಗೆದು, ಆರು ವಾರ ತರಬೇತಿ ಕೊಟ್ಟು ಮೊರ್ಜಿನಾಳನ್ನು ಆ ಜಾಗಕ್ಕೆ ಹಾಕಿತು. ಫ್ಯಾನು ಬಂದವು, ಬೆನ್ನಿಗೆ ಆಸರೆಯಿರುವ ಕುರ್ಚಿ ಬಂದವು, ಬೈಗುಳ ನಿಂತಿತು. ಅಂಗಿಗಳು ಸರಾಗ ಹೊರಡತೊಡಗಿದವು, ಈ ಒಂದು ಮೆಷಿನಿನಲ್ಲಿ ಮಾತ್ರ ತಡೆ.

ಏಕೆಂದು ಬಲ್ಲವಳು ಮೊರ್ಜಿನಾ ಒಬ್ಬಳೇ. ಕೊಹಿನೂರಳ ಕಣ್ಣು ಮಂಜಾಗಿ ವರ್ಷವಾಗಿತ್ತು. ಪಕ್ಕದಲ್ಲಿದ್ದಾಗ ಯಾರಿಗೂ ಕಾಣದಂತೆ ಅವಳ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳೂ ಇವಳೇ.

"ಕ್ಲಿನಿಕ್ಕಿಗೆ ನಿನ್ ಹೆಸ್ರು ಬರೆದಿದೀನಿ ಕಣೇ. ಕನ್ನಡಕ ಕೊಡ್ತಾರೆ. ಅಲ್ಲೀವರ್ಗೂ ಅಂಗಿ ಮಡಿಚೋ ಟೇಬಲ್ಲಿಗೆ ಹೋಗು."

"ಕಣ್ಣು ಕಾಣಲ್ಲ ಅಂತ ಬರೆದ್ಯಾ?" ಕೊಹಿನೂರಳ ದನಿ ತಗ್ಗಿತು. "ನಿನ್ನೊಬ್ಬಳನ್ನ ನಂಬಿ ಹೇಳಿದ್ದೆ. ಆ ಹಳೇ ಸೂಪರ್‌ವೈಸರ್ ಪಾಪಿಗೂ ಗೊತ್ತಾಗಿರ್ಲಿಲ್ವಲ್ಲೇ."

"ಕೆಲ್ಸಕ್ಕೇನೂ ಆಗಲ್ಲ. ನಾನಿದೀನಲ್ಲ."

ಕೊಹಿನೂರ್ ತನ್ನ ಕತ್ತರಿ ತೆಗೆದುಕೊಂಡು ಎದ್ದಳು. "ಆಗ್ಲಿ ಮೇಡಂ. ನೀವು ಹೇಳಿದ್ಮೇಲೆ ಮುಗೀತು," ಎಂದಳು, ಲೈನಿಗೆಲ್ಲ ಕೇಳುವ ಹಾಗೆ.

ಆ ಮೆಷಿನಿಗೆ ಬೇರೊಬ್ಬಳು ಕೂತಳು, ಮಧ್ಯಾಹ್ನದೊಳಗೆ ರಾಶಿ ಕರಗಿತು. ಮ್ಯಾನೇಜರ್ ಬಂದು ಮೆಚ್ಚಿ ಹೋದರು. ತಾರಸಿಯ ಮೇಲೆ ಹೆಂಗಸರು ನೆಲಕ್ಕೆ ಕೂತು ಒಣಮೀನು ಜಜ್ಜಿ ಮಾಡಿದ ಭರ್ತಾ ಹಂಚಿಕೊಳ್ಳುತ್ತಿದ್ದರು. ಮೊರ್ಜಿನಾ ಡಬ್ಬಿ ಹಿಡಿದು ಬಂದಾಗ ಮಾತು ನಿಂತಿತು. ಯಾರೋ ಓಡಿಹೋಗಿ ಅವಳಿಗೊಂದು ಕುರ್ಚಿ ತಂದಿಟ್ಟರು. ಅಷ್ಟೆತ್ತರದಲ್ಲಿ ಕೂತು, ಕೆಳಗಿನ ತಲೆಗಳನ್ನು ನೋಡುತ್ತ ತಣ್ಣಗಾದ ಅನ್ನ ತಿಂದಳು.

ಸಂಜೆ ರೈಲ್ವೆ ಗೇಟು ಬಿದ್ದಿತ್ತು. ನೂರಾರು ಹೆಂಗಸರ ನೂಕುನುಗ್ಗಲು ಅವಳನ್ನು ಕೊಹಿನೂರಳ ಪಕ್ಕಕ್ಕೇ ತಂದು ನಿಲ್ಲಿಸಿತು. ಭುಜಕ್ಕೆ ಭುಜ ತಾಗುತ್ತಿತ್ತು.

"ಶುಕ್ರವಾರ ಕ್ಲಿನಿಕ್ಕಿಗೆ ನಾನೂ ಬರ್ತೀನಿ," ಎಂದಳು ಮೊರ್ಜಿನಾ. ಅಷ್ಟರಲ್ಲಿ ರೈಲು ಬಂತು. ಕೇಳಿಸಿತೋ ಇಲ್ಲವೋ, ಕೊಹಿನೂರ್ ಓಡುವ ಬೋಗಿಗಳನ್ನೇ ನೋಡುತ್ತಿದ್ದಳು.

ಗೇಟು ಎದ್ದಿತು. ಜನ ಮುಂದಕ್ಕೆ ಹರಿಯಿತು, ಜೊತೆಗೆ ಕೊಹಿನೂರ್ ಕೂಡ. ನಿಂತೇ ಇದ್ದ ಮೊರ್ಜಿನಾಳ ಹಿಂದೆ ಸೈಕಲ್ ರಿಕ್ಷಾದವನೊಬ್ಬ ಗಂಟೆ ಬಾರಿಸಿದ. "ನಡೀರಿ ಅಕ್ಕಾ, ದಾರಿ ಬಿಡಿ."

ಅವಳು ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲಕ್ಕೆ ಸರಿದು ದಾರಿ ಬಿಟ್ಟಳು.